ಊರಿಗೆಲ್ಲ ಗೊತ್ತಿದ್ದ ಮಾತು

ಕನ್ನಡಕದ ಅಂಗಡಿಯವನು ಷಟರನ್ನು ಇನ್ನೂ ಪೂರ್ತಿ ಎತ್ತಿರಲಿಲ್ಲ. ಪಕ್ಕದ ಕಟಿಂಗ್ ಶಾಪಿನವನು ಬಾಚಣಿಗೆ ಹಿಡಿದುಕೊಂಡೇ ಬಂದು ಕೈ ಕುಲುಕಿದ.

"ಕಂಗ್ರಾಟ್ಸ್ ಗುರು. ಮುಂದಿನ ತಿಂಗಳು ಮದುವೆಯಂತೆ, ನನಗೊಂದು ಮಾತು ಹೇಳಲಿಲ್ಲ ನೋಡು."

"ಯಾರ ಮದುವೆ?"

"ಲೈಬ್ರರಿ ಮೇಡಂದು. ಅಂದ್ರೆ ನಿಂದೂ ತಾನೆ?" ಎಂದವನು ಇವನ ಮುಖ ನೋಡಿ, ಗಿರಾಕಿ ಕಾಯ್ತಿದ್ದಾರೆ ಎನ್ನುತ್ತಾ ಮೆಲ್ಲಗೆ ಜಾರಿಕೊಂಡ.

ಎರಡೇ ಎರಡು ಮುಖ್ಯ ರಸ್ತೆಗಳ ಪುಟ್ಟ ನಗರ ಅದು. ಈ ತುದಿಯಲ್ಲಿ ಸೀನಿದರೆ ಆ ತುದಿಯಲ್ಲಿ ನೆಗಡಿಯೇ ಎಂದು ಕೇಳುತ್ತಾರೆ. ಇಂಥ ಹೊತ್ತಿಗೆ ಇಂಥ ಕಡೆ ಸಿಗೋಣ ಎಂದು ಅಲ್ಲಿ ಯಾರೂ ಹೇಳುವುದಿಲ್ಲ. ಹಾಲಿಗೆ ಹೋದರೂ ಸಿಗುತ್ತಾರೆ, ಬ್ಯಾಂಕಿಗೆ ಹೋದರೂ ಸಿಗುತ್ತಾರೆ. ಆರು ವರ್ಷಗಳಿಂದ ಇವನೂ ಲೈಬ್ರರಿ ಮೇಡಮ್ಮೂ ಹಾಗೇ ಸಿಗುತ್ತಿದ್ದರು. ಪೋಸ್ಟ್‌ಮ್ಯಾನ್ ಅವಳ ಕಾಗದಗಳನ್ನು ಇವನ ಅಂಗಡಿಯಲ್ಲೇ ಕೊಟ್ಟು ಹೋಗುತ್ತಿದ್ದ. ಹಣ್ಣಿನವಳು ಕೇಳದೆಯೇ ಇಬ್ಬರಿಗಾಗುವಷ್ಟು ತೂಗುತ್ತಿದ್ದಳು. ಊರೇ ಒಪ್ಪಿಕೊಂಡ ಮೇಲೆ ತಾನು ಬೇರೆ ಬಾಯಿಬಿಡಬೇಕೇ ಎಂದು ಇವನು ಹಾಯಾಗಿ ಕೂತುಬಿಟ್ಟಿದ್ದ. ಮಹಾ ಜಾಣ.

ಹನ್ನೊಂದಕ್ಕೆ ಅವಳೇ ಬಂದು ಕನ್ನಡಕ ತೆಗೆದು ಕೌಂಟರಿನ ಮೇಲಿಟ್ಟಳು. ಕಿವಿಗೆ ಸಿಕ್ಕಿಸುವ ಎಡಗಡೆಯ ಕಡ್ಡಿ ಎಂದಿನಂತೆ ಜೋಲುತ್ತಿತ್ತು. ಕನ್ನಡಕವಿಲ್ಲದಾಗ ಅವಳು ಕಣ್ಣು ಕಿರಿದುಮಾಡಿ, ಅವನನ್ನು ಹುಡುಕುವವಳಂತೆ ನೋಡುತ್ತಿದ್ದಳು. ಆ ನೋಟದ ಆಸೆಗೇ ಅವನ ರಿಪೇರಿ ಯಾವಾಗಲೂ ನಿಧಾನ.

"ಕೇಳಿದ್ರಾ?" ಎಂದಳು.

"ಕೇಳಿದೆ. ಯಾರು?"

"ದೂರದ ಊರಿನವರು. ಟ್ರೈನಿಂಗಲ್ಲಿ ಸಿಕ್ಕಿದ್ರು. ನಾಲ್ಕನೇ ದಿನಕ್ಕೇ ಮದುವೆ ಆಗ್ತೀರಾ ಅಂತ ಕೇಳಿದ್ರು."

"ನಾಲ್ಕೇ ದಿನಕ್ಕೆ ಹೂಂ ಅಂದ್ರಾ?"

"ಇಲ್ಲ. ನಾಲ್ಕು ತಿಂಗಳು ಕಾದೆ. ನೀವೇನಾದ್ರೂ ಹೇಳ್ತೀರೇನೋ ಅಂತ."

ಅವನು ಸ್ಕ್ರೂಡ್ರೈವರ್ ಕೈಗೆತ್ತಿಕೊಂಡ. "ನೀವಂದ್ರೆ ನನಗೆ ಪ್ರಾಣ ಅಂತ ಊರಿಗೆಲ್ಲ ಗೊತ್ತಿತ್ತಲ್ಲ."

"ಊರಿಗೆ ಗೊತ್ತಿತ್ತು. ನನಗೆ ನೀವು ಹೇಳ್ಲಿಲ್ಲ."

"ಈಗ ಹೇಳಿದ್ರೆ?"

"ಮಾತು ಕೊಟ್ಟಾಯ್ತು. ಅವರು ಒಳ್ಳೆಯವರು." ಕನ್ನಡಕವನ್ನು ಅವನತ್ತ ಸರಿಸಿ ಅಂದಳು, "ಸ್ಕ್ರೂ ಈ ಸಲ ಬಿಗಿಯಾಗಿ ಹಾಕಿ. ಅಲ್ಲಿಂದ ವಾರ ವಾರ ಬರೋಕಾಗಲ್ಲ."

ಅವನು ತಲೆಯೆತ್ತಿದ. "ಗೊತ್ತಿತ್ತಾ?"

"ಆರು ವರ್ಷವಾದ್ರೂ ಒಂದು ಸ್ಕ್ರೂ ನಿಲ್ಲಿಸೋಕೆ ಬರದವರು ಕನ್ನಡಕದ ಅಂಗಡಿ ಇಡ್ತಾರಾ?" ನಕ್ಕಳು. ಕಣ್ಣು ಮಾತ್ರ ತುಂಬಿಕೊಂಡಿತ್ತು. "ಗೊತ್ತಿದ್ದೇ ಬರ್ತಾ ಇದ್ದೆ."

ಅವಳು ಮತ್ತೆ ಬರಲೆಂದು ಪ್ರತಿ ಸಲ ಉಳಿಸುತ್ತಿದ್ದ ಕಡೆಯ ಅರ್ಧ ಸುತ್ತನ್ನು ಅವನು ಈಗ ತಿರುಗಿಸಿದ. ಅವಳು ಕನ್ನಡಕ ಹಾಕಿಕೊಂಡು ತಲೆ ಅಲ್ಲಾಡಿಸಿ ನೋಡಿದಳು. ಕಡ್ಡಿ ಅಲುಗಲಿಲ್ಲ.

"ಚೆನ್ನಾಗಿ ಕೂತಿದೆ," ಎಂದು ಬಿಸಿಲಿಗಿಳಿದು ಹೋದಳು.

ಮದುವೆಯಾಗಿ ಅವಳು ಹೊರಟ ಮೇಲೂ ಅವನು ಹಾಲಿಗೆ ಹೋದ, ಬ್ಯಾಂಕಿಗೆ ಹೋದ. ಊರಿಗೆ ಊರೇ ಎದುರಾಯಿತು, ಅವಳೊಬ್ಬಳನ್ನು ಬಿಟ್ಟು. ಹಣ್ಣಿನವಳು ಅಭ್ಯಾಸ ತಪ್ಪದೆ ಇಬ್ಬರಿಗಾಗುವಷ್ಟೇ ತೂಗಿದಳು. ಅವನು ಬೇಡವೆನ್ನದೆ ಚೀಲ ಹಿಡಿದ.