ಮಾದೇವಿ ಹೇಳದ ಹೆಸರು

"ಯಾರನ್ನ ಕೇಳಿ ಫೋಟೋ ತೆಗೀತಿದ್ರಿ?"

ಕುಮಟೆಯ ಗೇರುಬೀಜದ ಕಾರ್ಖಾನೆಯ ಹೊರಗೆ, ಕಾಂಪೌಂಡಿಗೆ ಒರಗಿ ನಿಂತಿದ್ದ ಗಂಡಸಿನ ಕೈಯಿಂದ, ಕೆಲಸ ಮುಗಿಸಿ ಹೊರಬಂದ ಮಾದೇವಿ ಟ್ಯಾಬನ್ನು ಕಿತ್ತುಕೊಂಡೇ ಬಿಟ್ಟಳು. ಒಳಗೆ ಹೆಂಗಸರು ಬೀಜ ಒಡೆಯುತ್ತ ಕೂತಿದ್ದರು. ಕಿಟಕಿ ತೆರೆದಿತ್ತು. ಇವನು ಆ ಕಿಟಕಿಗೇ ಟ್ಯಾಬ್ ಹಿಡಿದು ನಿಂತಿದ್ದ.

ಅವನು ಜಗಳಕ್ಕೆ ಬರಲಿಲ್ಲ. "ನೋಡಿ ಬೇಕಾದ್ರೆ" ಅಂದ, ಅಷ್ಟೆ.

ನೋಡಿದಳು. ಹೆಂಗಸರ ಚಿತ್ರ ಒಂದೂ ಇರಲಿಲ್ಲ. ಮೀನಿನ ಮುಳ್ಳಿನ ಹಾಗೆ ಮೇಲಕ್ಕೂ ಕೆಳಕ್ಕೂ ಎದ್ದ ಗೆರೆಗಳ ಒಂದು ಉದ್ದ ಪಟ್ಟಿ. ಅದರ ಕೆಳಗೆ ಸಣ್ಣ ಸಣ್ಣ ಚೌಕಗಳು.

ಅವನು ಬೆರಳು ಚಾಚಿ ಒಂದು ಚೌಕ ಮುಟ್ಟಿದ. ಟಕ್. ಗೇರುಬೀಜ ಒಡೆದ ಸದ್ದು. ಇನ್ನೊಂದು ಮುಟ್ಟಿದ. ಅದು ಇನ್ನೊಂದು ಬೀಜ. ನಾಲ್ಕೈದನ್ನು ಸಾಲಾಗಿ ಮುಟ್ಟಿದಾಗ ಅದೇ ತಾಳವಾಯಿತು. ದಿನವಿಡೀ ಅವಳ ಸೊಂಟ ಮುರಿಯುವ ಸದ್ದಿಗೆ ಕುಣಿಯಬಹುದು ಎಂದು ಅವಳಿಗೆ ಅವತ್ತಿನವರೆಗೆ ಗೊತ್ತಿರಲಿಲ್ಲ.

ಆ ತಾಳದ ನಡುವೆ ಥಟ್ಟನೆ ಅವಳದೇ ಸ್ವರ ಬಂತು. ಯಾರನ್ನ ಕೇಳಿ...

'ನಾ ಹೀಗೆ ಮಾತಾಡ್ತೆನಾ?' ಮಾದೇವಿ ತನ್ನನ್ನೇ ಕೇಳಿಕೊಂಡಳು.

"ಸ್ವರ ಚೊಲೋ ಅದೆ ನಿಮ್ದು. ಬೈಯೂದಾದ್ರೂ ಸ್ಪಷ್ಟ."

ಸಿಟ್ಟು ಮಾಡಬೇಕೆಂದುಕೊಂಡಳು. ಆದರೆ ಸಂಜೆಯ ಹೊತ್ತಿಗೆ ಸಿಟ್ಟಿಗೂ ಅವಳಲ್ಲಿ ಶಕ್ತಿ ಉಳಿದಿರಲಿಲ್ಲ. ಟ್ಯಾಬ್ ವಾಪಸ್ ಕೊಟ್ಟು ಬಸ್ಸಿಗೆ ನಡೆದಳು. ದಾರಿಯುದ್ದಕ್ಕೂ ಆ ತಾಳ ಮಾತ್ರ ಕಿವಿಯಿಂದ ಇಳಿಯಲಿಲ್ಲ.

ಅವನ ಹೆಸರು ಸುಜಯ. ಸಂತೆಗುಳಿ ಕಡೆಯವನು. ತಾಯಿ ಅವನ ನೆನಪು ಹುಟ್ಟುವ ಮೊದಲೇ ತೀರಿಕೊಂಡಿದ್ದಳು. ಅಪ್ಪ, ಚಿಕ್ಕಪ್ಪ, ಅಣ್ಣಂದಿರ ನಡುವೆ, ಹೆಂಗಸರಿಲ್ಲದ ಮನೆಯಲ್ಲಿ ಬೆಳೆದವನು. ಈಗ ಕುಮಟೆಯಲ್ಲಿ, ಟೇಲರ್ ಅಂಗಡಿಯ ಮೇಲಿನ ಒಂದು ಕೋಣೆಯಲ್ಲಿ ಅವನ ಕೆಲಸ. ಮದುವೆಗಳಿಗೆ ಸೌಂಡ್ ಬಾಕ್ಸ್ ಹೊತ್ತು ಹೊತ್ತು ಹೆಗಲು ಬಿದ್ದಿತ್ತು, ಒಂದು ಕಿವಿ ಮಂದವಾಗಿತ್ತು. ಉಳಿದ ಹೊತ್ತಿನಲ್ಲಿ ಟ್ಯಾಬಿನಲ್ಲಿ ಸದ್ದು ಕತ್ತರಿಸಿ ಜೋಡಿಸುತ್ತಿದ್ದ. ಹೊನ್ನಾವರದ ಬಂದರಿನ ದೋಣಿಯ ಇಂಜಿನ್ನು, ಬಸ್ಸಿನ ಬಾಗಿಲು ಬಡಿದದ್ದು, ಮೀನು ಹರಾಜಿನ ಕೂಗು. ಒಂದೊಂದಕ್ಕೂ ಒಂದೊಂದು ಫೋಲ್ಡರ್.

ಮದುಮಕ್ಕಳು ಚಪ್ಪರಕ್ಕೆ ಬರುವಾಗ ಹಾಕಲು ಅವನು ಕಟ್ಟುವ ಹಾಡಿಗೆ ಆ ಸೀಮೆಯಲ್ಲಿ ಬೇಡಿಕೆ ಇತ್ತು. ಇದೇ ಊರಿನ ಸದ್ದುಗಳ ಮೇಲೆ ಗಂಡು-ಹೆಣ್ಣಿನ ಹೆಸರು, ಅಪ್ಪ-ಅಮ್ಮನ ಹೆಸರು, ಮಾವಂದಿರ ಹೆಸರು. ಆ ಹೆಸರುಗಳನ್ನು ಹೇಳಲು ಒಂದು ಹೆಣ್ಣುಸ್ವರ ಬೇಕಿತ್ತು.

ಕಾರ್ಖಾನೆಯಲ್ಲಿ ಮಾದೇವಿಯ ಪಕ್ಕ ಕೂರುವ ಗಂಗಿಯ ಮೂಲಕ ಹೇಳಿ ಕಳಿಸಿದ. ಗಂಗಿ ಬಿಡುವವಳಲ್ಲ. ಹಾಜರಿ ಕೂಗೂದಕ್ಕಿಂತ ಕಷ್ಟವೇ ಅದು, ಹೋಗೆ ಮಾರಾಯ್ತಿ, ಎಂದು ತಳ್ಳಿದಳು.

ಮಾದೇವಿ ಹೋದಳು. ಮೊದಲ ದಿನ ಸುಜಯ ಟ್ಯಾಬಿನ ಬೀಗಕ್ಕೆ ಅವಳ ಹೆಬ್ಬೆರಳ ಗುರುತನ್ನೂ ಸೇರಿಸಲು ನೋಡಿದರೆ, ಅದು ಒಪ್ಪಲೇ ಇಲ್ಲ. ಗೇರುಸಿಪ್ಪೆಯ ಎಣ್ಣೆ ಅವಳ ಬೆರಳ ಗೆರೆಗಳನ್ನೆಲ್ಲ ತಿಂದು ಹಾಕಿತ್ತು. ಅವಳು ಕೈ ಹಿಂದಕ್ಕೆ ಎಳೆದುಕೊಂಡಳು. ಮಾರನೆಯ ದಿನ ಬಂದಾಗ ಟ್ಯಾಬಿಗೆ ಬೀಗವೇ ಇರಲಿಲ್ಲ.

ಹೆಸರು ಹೇಳುವುದು, ಆಮೇಲೆ ಇಬ್ಬರೂ ಕೂತು ಅದನ್ನು ಕತ್ತರಿಸುವುದು. ಶ್ರೀಗೌರಿ, ಅರ್ಚಿತಾ, ಅಜಯ, ಸುಮಂಗಲಾ... ಹೆಸರಿನ ಮುಂದಿನ ಉಸಿರನ್ನು ಪೂರ್ತಿ ಕತ್ತರಿಸಿದರೆ ಯಾರೋ ಹೊಡೆದು ಹೇಳಿಸಿದ ಹಾಗೆ ಕೇಳುತ್ತದೆ. ಚೂರು ಬಿಡಬೇಕು. ಎಷ್ಟು ಬಿಡಬೇಕು ಎಂದು ಅವರಿಬ್ಬರಿಗೂ ಬಾಯಿಬಿಟ್ಟು ಹೇಳದೆ ತಿಳಿಯುವಂತಾಯಿತು. ಹೆಂಗಸರ ಹೆಸರು ಒಂದು ಫೋಲ್ಡರಿಗೆ, ಗಂಡಸರದ್ದು ಒಂದಕ್ಕೆ. ಕೆಲವೊಮ್ಮೆ ಅವಳು ಕೂತಲ್ಲೇ ತೂಕಡಿಸುತ್ತಿದ್ದಳು. ಅವನು ಫ್ಯಾನಿನ ಮುಖ ಅವಳ ಕಡೆ ತಿರುಗಿಸಿ ಹೆಡ್‌ಫೋನ್ ಹಾಕಿಕೊಳ್ಳುತ್ತಿದ್ದ.

ದಣಿದವರಿಗೆ ಪ್ರೀತಿ ಗಡಿಬಿಡಿಯಲ್ಲಿ ಬರುವುದಿಲ್ಲ. ಕಾಲು ತೊಳೆದು, ಜಗಲಿಯಲ್ಲಿ ಸ್ವಲ್ಪ ಹೊತ್ತು ಕೂತು, ಆಮೇಲೆ ಒಳಗೆ ಬರುತ್ತದೆ. ಅದು ಒಳಗೆ ಬಂದದ್ದು ಮಾದೇವಿಗೆ ತಿಳಿದದ್ದು ಒಂದೇ ಗುರುತಿನಿಂದ. ಅವನ ಹೆಸರು ಅವಳ ನಾಲಿಗೆಗೆ ಬರಲು ಒಪ್ಪುತ್ತಿರಲಿಲ್ಲ.

ಅವಳ ಮನೆಯಲ್ಲಿ ಹೆಂಗಸರು ಗಂಡನ ಹೆಸರು ಹೇಳುವವರಲ್ಲ. ಹೇಳಿದರೆ ಅವನ ಆಯುಷ್ಯ ಸವೆಯುತ್ತದೆ ಎಂಬ ನಂಬಿಕೆ. ಅಜ್ಜಿ ಕಾಳಿಯ ಗಂಡ ಸೋಮ. ಅಜ್ಜಿ ಸಾಯುವವರೆಗೂ ಸೋಮವಾರವನ್ನು 'ಆಯ್ತವಾರದ ಮಾರನೇ ದಿನ' ಎಂದೇ ಕರೆದಳು. ಮೊಮ್ಮಕ್ಕಳು ಎಷ್ಟು ನಕ್ಕರೂ ಬಾಯಿ ಬಿಡಲಿಲ್ಲ.

ಮಾದೇವಿಯೂ ನಗುತ್ತಿದ್ದವಳೇ. ಆ ನಗು ನಿಂತದ್ದು ಅಪ್ಪ ತೀರಿಕೊಂಡ ವರ್ಷ. ಆಸ್ಪತ್ರೆಯ ಕೌಂಟರಿನಲ್ಲಿ ರೋಗಿಯ ಹೆಸರು ಕೇಳಿದರು. ತಾಯಿ ಸುತ್ತ ನೋಡಿದಳು, ಹೇಳಿಕೊಡುವವರು ಯಾರೂ ಇರಲಿಲ್ಲ. ಮಾದೇವಿ ಕಾರ್ಖಾನೆಯಿಂದ ಇನ್ನೂ ಬಂದಿರಲಿಲ್ಲ. ಹಿಂದೆ ನಿಂತವರು ಬೇಗ ಬೇಗ ಎಂದಾಗ ತಾಯಿ ಜನ್ಮದಲ್ಲಿ ಮೊದಲ ಸಲ ಗಂಡನ ಹೆಸರು ಹೇಳಿದಳು. ಬೆಳಗಾಗುವಷ್ಟರಲ್ಲಿ ಅಪ್ಪ ಇರಲಿಲ್ಲ.

"ನಾ ಹೇಳ್ಬಿಟ್ಟೆ" ಎಂದು ತಾಯಿ ಇಂದಿಗೂ ಹೇಳುತ್ತಾಳೆ.

ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಮಾದೇವಿಯ ಬುದ್ಧಿಗೆ ಗೊತ್ತು. ನಾಲಿಗೆ ಬುದ್ಧಿಯ ಮಾತು ಕೇಳಬೇಕಲ್ಲ.

ಹೀಗಿರುವಾಗ ಎರಡು ಸಂಗತಿ ಒಟ್ಟಿಗೆ ಬಂದವು. ತಾಯಿಯ ತಮ್ಮ ದುರ್ಗಪ್ಪ ಭಟ್ಕಳದಿಂದ ಒಂದು ಸಂಬಂಧ ತಂದ. ಒಳ್ಳೆಯ ಜನ, ಗಂಡಿಗೆ ಸ್ವಂತ ಅಂಗಡಿ. ಉತ್ತರ ಬೇಗ ಬೇಕು ಎಂದ. ಮಾವಳ್ಳಿಯ ಮದುವೆ ಮುಗಿದ ದಿನ ಹೇಳುವುದೆಂದು ತಾಯಿ ಮಾತು ಕೊಟ್ಟಳು. ಅಷ್ಟರೊಳಗೆ ಸುಜಯ ತಾನಾಗಿ ಒಂದು ಮಾತು ಆಡಿದರೆ... ಮಾದೇವಿ ಪ್ರತಿ ಸಂಜೆ ಮೆಟ್ಟಿಲು ಹತ್ತುವಾಗ ಅದನ್ನೇ ಕಾಯುತ್ತಿದ್ದಳು.

ಆ ಮಾವಳ್ಳಿಯ ಮದುವೆ ಗಂಗಿಯ ಮಗಳು ರೇಖಾಳದು. ಹಾಡು ಕಟ್ಟುವವನು ಸುಜಯ. ಮದುಮಗನ ಹೆಸರೂ ಸುಜಯ.

ಎಲ್ಲ ಹೆಸರು ಹೇಳಿ ಮುಗಿಸಿದಳು. ಅದೊಂದು ಬಂದಾಗ ಗಂಟಲು ಸರಿಯಿಲ್ಲ ಎಂದಳು. ಮರುದಿನ ನೀರು ಕುಡಿದಳು, ಕೆಮ್ಮಿದಳು, ಮೈಕಿನ ಮುಂದೆ ಬಾಯಿ ತೆರೆದು ಮುಚ್ಚಿದಳು. ಅದು ಬೇರೆಯವರ ಹೆಸರು ಎಂದು ತನಗೆ ತಾನೇ ಹೇಳಿಕೊಂಡಳು. ಅಕ್ಷರ ಮಾತ್ರ ಅವೇ ಆಗಿದ್ದವು.

"ಅದೊಂದು ಬಿಟ್ಟು ಎಂತ ಬೇಕಾದ್ರೂ ಹೇಳ್ತೆ" ಎಂದಳು ಕಡೆಗೆ.

ಅವಳು ತನ್ನನ್ನು ಒಂದು ದಿನವೂ ಹೆಸರು ಹಿಡಿದು ಕರೆಯದೆ, ಮೇಜು ತಟ್ಟಿ ಗಮನ ಸೆಳೆಯುತ್ತಿದ್ದದ್ದು ಅವನಿಗೆ ಆಗ ಲಕ್ಷ್ಯಕ್ಕೆ ಬಂತು.

"ನನ್ನ ಹೆಸರೂ ಅದೇ ಅಲ್ದಾ..." ಅಂದ. "ಅಷ್ಟು ಬೇಡದ್ದಾ?"

ಉತ್ತರ ಕೊಟ್ಟರೆ ಎಲ್ಲವನ್ನೂ ಹೇಳಿದಂತಾಗುತ್ತಿತ್ತು. ಚೀಲ ಎತ್ತಿಕೊಂಡು ಇಳಿದು ಹೋದಳು. ಮರುದಿನ ಬರಲಿಲ್ಲ. ಬರಬೇಡಿ ಎಂದು ಅವನು ಹೇಳಲಿಲ್ಲ, ಬನ್ನಿ ಎಂದೂ ಹೇಳಿ ಕಳಿಸಲಿಲ್ಲ.

ಮದುವೆಯ ಮಧ್ಯಾಹ್ನ ಮಾವಳ್ಳಿಯ ಸಭಾಭವನ ತುಂಬಿತ್ತು. ಮಾದೇವಿ ತಾಯಿಯ ಜೊತೆ ಹಿಂದಿನ ಸಾಲಿನಲ್ಲಿ ಕೂತಿದ್ದಳು. ದುರ್ಗಪ್ಪ ಬಾಗಿಲಲ್ಲಿ ಯಾರ ಜೊತೆಗೋ ಮಾತಾಡುತ್ತ ಆಗಾಗ ಇತ್ತ ನೋಡುತ್ತಿದ್ದ. ಸೌಂಡ್ ಬಾಕ್ಸಿನ ಪಕ್ಕ ಸುಜಯ, ಟ್ಯಾಬ್ ಹಿಡಿದು, ಕಣ್ಣಿನ ಕೆಳಗೆ ಕಪ್ಪು ಹತ್ತಿಸಿಕೊಂಡು ನಿಂತಿದ್ದ.

ಹಾಡು ಶುರುವಾಯಿತು. ಮೊದಲು ದೋಣಿಯ ಇಂಜಿನ್ನು. ಅದರ ಮೇಲೆ ಗೇರುಬೀಜದ ಟಕ್ ಟಕ್. ಕಾರ್ಖಾನೆಯ ಹೆಂಗಸರೆಲ್ಲ ಅದು ತಮ್ಮದೇ ಸದ್ದೆಂದು ಗುರುತು ಹಿಡಿದು ಒಬ್ಬರನ್ನೊಬ್ಬರು ತಿವಿದು ನಕ್ಕರು. ಆಮೇಲೆ ಮಾದೇವಿಯ ಸ್ವರ.

ರೇಖಾ...

ಸುಜಯ.

ಮಾದೇವಿಯ ಕೈ ಬಾಯಿಗೆ ಹೋಯಿತು. ಅವಳ ಸ್ವರವೇ. ಇಡೀ ಸಭೆಗೆ ಕೇಳುವ ಹಾಗೆ, ಮತ್ತೆ ಮತ್ತೆ. ಸುಜಯ, ಸುಜಯ.

ಅವಳಿಗೆ ತಿಳಿಯದೇ ಇರಲು ಸಾಧ್ಯವೇ? ಆ 'ಸು' ಸುಮಂಗಲಾಳಿಂದ ಕತ್ತರಿಸಿದ್ದು. 'ಜಯ' ಅಜಯನಿಂದ. ಎರಡನ್ನೂ ಅವಳೇ ಅವನ ಪಕ್ಕ ಕೂತು ಫೋಲ್ಡರಿಗೆ ಹಾಕಿದ್ದಳು.

ತಾಯಿ ಅವಳ ಮೊಣಕೈ ಹಿಡಿದಳು. ಮಗಳ ಮುಖ ನೋಡಿದಳು. ಸೌಂಡ್ ಬಾಕ್ಸಿನ ಪಕ್ಕ ನಿಂತವನನ್ನು ನೋಡಿದಳು. ಅವನ ಹೆಸರು ಗಂಗಿಯ ಬಾಯಲ್ಲಿ ಎಷ್ಟೋ ಸಲ ಕೇಳಿದ್ದಳು, ಮಗಳ ಬಾಯಲ್ಲಿ ಒಂದು ಸಲವೂ ಕೇಳಿರಲಿಲ್ಲ. ಅದರ ಅರ್ಥ ಗೊತ್ತಾಗಲು ಅವಳಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

"ದುರ್ಗಪ್ಪಂಗೆ ನಾ ಎಂತ ಹೇಳ್ಲಿ ಮಗಾ?" ಎಂದು ಮೆಲ್ಲಗೆ ಕೇಳಿದಳು.

ಮಾದೇವಿ ಎದ್ದು ಹೊರಗೆ ನಡೆದಳು.

ಹೆದ್ದಾರಿಯ ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕೂತಳು. ಹೊನ್ನಾವರದ ಕಡೆಗೆ ಲಾರಿಗಳು ಹೋಗುತ್ತಿದ್ದವು. ಅಳು ಬರಲಿಲ್ಲ. ಸಿಪ್ಪೆಯ ಎಣ್ಣೆ ತಾಗಿದ ಬೆರಳು ಉರಿಯುವ ಹಾಗೆ ಎದೆಯೊಳಗೆ ಒಂದೇ ಸಮನೆ ಉರಿ.

ಸ್ವಲ್ಪ ಹೊತ್ತಿಗೆ ಸುಜಯ ಬಂದ. ದೂರವೇ ನಿಂತ.

"ಜೋಡಣೆ ಸಮ ಆಗ್ಲಿಲ್ಲ" ಅಂದ. "'ಸು' ಸ್ವಲ್ಪ ಎತ್ತರ ಆತು."

"ನನ್ನ ಬಾಯಿಂದ ಎಂತಕ್ಕೆ ಹೇಳಿಸಿದ್ರಿ?"

"ಗಂಗಕ್ಕಂಗೆ ಮಾತು ಕೊಟ್ಟಿದ್ದೆ."

ಅವಳು ಅವನನ್ನೇ ನೋಡುತ್ತ ಕೂತಳು. ಆ ಉತ್ತರ ಸಾಲದು ಎಂದು ಅವನಿಗೂ ಗೊತ್ತಾಯಿತು. ನೆಲ ನೋಡುತ್ತ ಹೇಳಿದ.

"ಅದಷ್ಟೇ ಅಲ್ಲ. ನೀವು ಕರೆದ್ರೆ ಹ್ಯಾಂಗೆ ಕೇಳ್ತದೆ ಹೇಳಿ ಆಸೆ ಆಗಿತ್ತು. ಕೇಳಿದ್ರೆ ಮತ್ತೆ ಇಲ್ಲ ಅಂತ್ರಿ. ಅದಕ್ಕೆ ಕೇಳ್ದೇ ಮಾಡ್ದೆ. ತಪ್ಪಾತು."

ಟ್ಯಾಬ್ ಅವಳ ಮುಂದೆ ಹಿಡಿದ. ಆ ಹೆಸರು ಒಂದು ಚೌಕದಲ್ಲಿತ್ತು. ಅವಳು ಅದರ ಮೇಲೆ ಬೆರಳು ಒತ್ತಿ ಹಿಡಿದಳು. ಅಳಿಸಬೇಕೇ ಎಂದು ಟ್ಯಾಬ್ ಕೇಳಿತು. ಹೌದು ಎಂದು ಒತ್ತಿದಳು. ಅವನು ಅದನ್ನು ನೋಡಿ ತಲೆಯಾಡಿಸಿದ, ಇನ್ನು ಹೇಳುವುದು ಏನೂ ಉಳಿದಿಲ್ಲ ಎಂಬ ಹಾಗೆ.

ಹೋಗಲು ತಿರುಗಿದ.

"ಕೂತ್ಕಳಿ" ಅಂದಳು ಮಾದೇವಿ.

ಕೂತ, ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು. ಅವಳು ಅಜ್ಜಿಯ ಸೋಮವಾರದ ಕಥೆ ಹೇಳಿದಳು. ಆಸ್ಪತ್ರೆಯ ಕೌಂಟರಿನಲ್ಲಿ ತಾಯಿ ನಿಂತದ್ದನ್ನು ಹೇಳಿದಳು. ಆ ದಿನ ತಾನು ಅಲ್ಲಿದ್ದಿದ್ದರೆ ಅಪ್ಪನ ಹೆಸರು ತಾನು ಹೇಳುತ್ತಿದ್ದೆ, ತಾಯಿಗೆ ಈ ಭಾರ ಇರುತ್ತಿರಲಿಲ್ಲ ಎಂದಳು. ಅವನು ಚೆನ್ನಾಗಿ ಕೇಳುವ ಕಿವಿಯನ್ನು ಅವಳ ಕಡೆ ತಿರುಗಿಸಿ ಕೂತಿದ್ದ. ಹೆಂಗಸರಿಲ್ಲದ ಮನೆಯಲ್ಲಿ ಬೆಳೆದವನಿಗೆ ಇದನ್ನೆಲ್ಲ ಯಾರೂ ಹೇಳಿರಲಿಲ್ಲ.

"ಅದು ಗಂಡನ ಹೆಸರಾತು" ಅಂದ ನಿಧಾನಕ್ಕೆ. "ನಾ ನಿಮಗೆ ಗಂಡ ಅಲ್ವಲ್ಲ."

ಮಾದೇವಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದಳು. ಒಂದು ಬಸ್ಸು ಬಂದು ನಿಂತಿತು, ಯಾರೂ ಹತ್ತಲಿಲ್ಲ, ಹೋಯಿತು.

ಅವನ ಮುಖದಲ್ಲಿ ಏನೋ ಒಂದು ಬೆಳಗಿತು. ಆದರೆ ಬಹಳ ಕಾಲ ದಣಿದವನು ಒಳ್ಳೆಯದನ್ನು ಕೂಡಲೇ ನಂಬುವುದಿಲ್ಲ. ಹೆದರುತ್ತಲೇ ಕೇಳಿದ.

"ಭಟ್ಕಳದಿಂದ ಸಂಬಂಧ ಬಂದದೆ ಅಂದ್ರು ಗಂಗಕ್ಕ. ಗಂಡಿನ ಹೆಸರೆಂತ?"

"ಮಧುಸೂದನ."

ಬಸ್ಸಿನ ಬೋರ್ಡು ಓದಿದಷ್ಟು ಸಲೀಸಾಗಿ ಹೇಳಿದ್ದಳು. ಇಬ್ಬರೂ ಒಂದು ಗಳಿಗೆ ಆ ಹೆಸರನ್ನೇ ಕೇಳುತ್ತ ಕೂತರು.

"ಇನ್ನೊಂದ್ಸಲ ಹೇಳಿ" ಅಂದ.

"ಮಧುಸೂದನ."

"ಒಂಚೂರೂ ತಡೀಲಿಲ್ಲ ನಿಮಗೆ."

"ನಾ ಹೇಳಿದ್ರೆ ಅವರ ಆಯುಷ್ಯಕ್ಕೆ ಎಂತದೂ ಆಗೂದಿಲ್ಲ."

ಸುಜಯ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ನಗುತ್ತಿದ್ದಾನೋ ಅಳುತ್ತಿದ್ದಾನೋ ಅವಳಿಗೆ ತಿಳಿಯಲಿಲ್ಲ. ಕೈ ತೆಗೆದಾಗ ಎರಡೂ ಇತ್ತು.

"ಅಮ್ಮನ ಹತ್ರ ನಾನೇ ಬಂದು ಕೇಳ್ತೆ" ಅಂದ. "ಈಗ್ಲೇ. ದುರ್ಗಪ್ಪ ಮಾವ ಹೋಗೂದ್ರೊಳಗೆ."

ಎದ್ದ. ಅವಳು ಏಳಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಹೀಗೇ ಕೂತಿರೋಣ ಎನ್ನುವ ಹಾಗೆ ಅವನ ಅಂಗಿಯ ತುದಿ ಹಿಡಿದಳು. ಅವನು ಮತ್ತೆ ಕೂತ, ಈ ಸಲ ನಡುವೆ ಜಾಗ ಬಿಡದೆ.

"ಒಂದು ಕೇಳ್ಲಾ?"

"ಹ್ಞೂಂ."

"ನಾಳೆಯಿಂದ ನನ್ನ ಎಂತ ಹೇಳಿ ಕರೀತ್ರಿ?"

ಮಾದೇವಿ ಯೋಚಿಸಿದಳು. ತಲೆ ಮೆಲ್ಲಗೆ ಅವನ ಬಿದ್ದ ಹೆಗಲಿಗೆ ಒರಗಿತು.

"ಕರೀದೇ ಇದ್ರೂ ಬರ್ತ್ರಿ ಅಲ್ದಾ? ಈಗ ಬಂದಾಂಗೆ?"

"ಬರ್ತೆ" ಅಂದ ಅವನು.