ಹೊಸ್ತಿಲು ಕಟ್ಟಿದ ದೋಣಿ

ದೋಣಿಯ ಹೊಟ್ಟೆಯೊಳಗಿಂದ ಯಾರೋ ಬಡಿಯುತ್ತಿದ್ದರು!

ಮಾಯಾ ನಿಂತಲ್ಲೇ ನಿಂತಳು. ನಡು ಮಧ್ಯಾಹ್ನ. ಕೃಷ್ಣೆಯ ಹಿನ್ನೀರು ಅಲುಗಾಡದೆ ಬಿದ್ದಿತ್ತು. ದಂಡೆಯ ಮೇಲೆ ಒಂದು ನರಪಿಳ್ಳೆಯೂ ಇಲ್ಲ. ಇದ್ದದ್ದು ಅವಳ ಕುರಿಗಳು, ಮತ್ತೆ ನಿನ್ನೆ ಲಾರಿಯಿಂದ ಇಳಿಸಿದ್ದ ಆ ವಿಚಿತ್ರ ದೋಣಿ. ಅದಕ್ಕೆ ಎರಡು ಉದ್ದನೆಯ ಹೊಟ್ಟೆಗಳು. ನಡುವೆ ಅಡ್ಡತೊಲೆಗಳ ಬಿಗಿತ. ನೊಗಕ್ಕೆ ಕಟ್ಟಿದ ಜೋಡೆತ್ತಿನಂತೆ ಕಾಣುತ್ತಿತ್ತು.

'ಅವ್ವ ಹೇಳಿದ್ದು ಖರೆ... ಈ ನೀರಿನ ದಂಡಿಗಿ ಒಬ್ಬಾಕಿನ ಬರಬಾರದು!'

ಮತ್ತೆ ಬಡಿತ. ಆಮೇಲೆ ಒಂದು ಕುಗ್ಗಿದ ದನಿ.

"ಯಾರರ ಅದೀರೇನ್ರೀ...? ಮುಚ್ಚಳ ತಗೀರೀ...!"

ದೆವ್ವಗಳು ಹೀಗೆ 'ರೀ' ಹಚ್ಚಿ ಮಾತಾಡುವುದಿಲ್ಲ ಅಂತ ಮಾಯಾಳಿಗೆ ಅನ್ನಿಸಿತು. ಧೈರ್ಯ ಮಾಡಿ, ಕುರಿ ಕಾಯುವ ಕೋಲನ್ನು ಸಂದಿಗೆ ಕೊಟ್ಟು ಮುಚ್ಚಳ ಎಬ್ಬಿಸಿದಳು. ಒಳಗಿಂದ ಬೆವರಿನಲ್ಲಿ ತೊಯ್ದ ಒಬ್ಬ ಯುವಕ ತೆವಳಿಕೊಂಡು ಹೊರಬಂದ.

"ಸತ್ತ ಹೋಗ್ತಿದ್ದೆ ನೋಡ್ರಿ ಇವತ್ತ!"

"ಒಳಗ ಯಾಕ ಹೊಕ್ಕಿದ್ರಿ?"

"ತೂತ ಹುಡಕಾಕ. ಮುಚ್ಚಳ ಎಳಕೊಂಡ್ರ ಕತ್ತಲ್ಯಾಗ ತೂತಿನ ಬೆಳಕ ಕಾಣತೈತಿ ಅಂತ... ಆಮ್ಯಾಲೆ ಅದು ತೆಗೀಲಿಲ್ಲ."

"ತೂತ ಕಂಡೂವೇನು?"

"ಆಕಾಶದಾಗ ಚುಕ್ಕಿ ಕಂಡಂಗ!"

ಮಾಯಾ ಕಿಲಕಿಲ ನಕ್ಕಳು. ನಕ್ಕು ಎಷ್ಟು ದಿನವಾಗಿತ್ತೋ, ಅವಳಿಗೇ ನೆನಪಿರಲಿಲ್ಲ.

ಅವನು ಗುರುಪಾದ, ಬನಹಟ್ಟಿಯ ನೇಕಾರರ ಮನೆಯವನು. ಅವಳು ಅವನ ಎಡಗಡೆ ನಿಂತು ಏನೋ ಕೇಳಿದಳು, ಅವನಿಗೆ ಕೇಳಿಸಲೇ ಇಲ್ಲ.

"ಈ ಕಡೆ ಬರ್ರಿ," ಎಂದ ಅವನು ಬಲಗಿವಿ ಮುಟ್ಟಿಕೊಂಡು. "ಎಡಗಿವಿ ಮಗ್ಗಕ್ಕ ಹೋಗೇತಿ. ಸಣ್ಣಾಂವ ಇದ್ದಾಗಿಂದ ಆ ಸಪ್ಪಳದಾಗ ಬೆಳದೇನ್ರಿ. ಸೀರಿ ಮಾರಾಕ ಗೋವಾಕ್ಕ ಹೋಗಿದ್ದೆ. ಅಲ್ಲಿ ಒಬ್ಬ ಮುದುಕ ಇದನ್ನ ಮಾರಾಕ ಇಟ್ಟಿದ್ದ. ಇಂಥಾ ದೋಣಿ ಹಾಯಿ ಏರಿಸಿ ಹೋಗೂದ ನೋಡಿದೆ... ಸಪ್ಪಳ ಇಲ್ಲ! ಸಪ್ಪಳಿಲ್ಲದ ಗಾಡಿ ನನಗೂ ಒಂದು ಬೇಕಂತ ಅನಸ್ತು."

"ನಡಸಾಕ ಬರತೈತೇನು?"

"ಇಲ್ರಿ."

"ರಿಪೇರಿ ಮಾಡಾಕ?"

"ಅದೂ ಇಲ್ರಿ." ಅವನು ನಾಚಿಕೆಯಿಂದ ನಕ್ಕ. "ಕಲೀತೇನಿ. ತಯಾರಾದ ಮ್ಯಾಲೆ ಮೊದಲ ದಿನ ನೀವ ಬರಬೇಕು. ನನ್ನ ಜೀವ ಉಳಿಸೀರಿ."

ಮಾಯಾಳ ಮುಖದ ನಗು ಆರಿತು.

"ನಾ ನೀರಿಗಿ ಇಳಿಯಂಗಿಲ್ರಿ," ಎಂದವಳೇ ಕುರಿಗಳನ್ನು ತಿರುಗಿಸಿಕೊಂಡು ಹೊರಟುಬಿಟ್ಟಳು.

ಪಾಪ, ಅವನಿಗೇನು ಗೊತ್ತು!

ಆ ನೀರಿನ ಕೆಳಗೆ ಅವಳ ಊರಿತ್ತು. ಡ್ಯಾಮಿನ ನೀರು ಏರಿದ ವರ್ಷ ಊರಿನ ಜನರೆಲ್ಲ ಮನೆ ಬಿಚ್ಚಿ, ತೊಲೆ, ಬಾಗಿಲು, ತಗಡು ಹೇರಿಕೊಂಡು ಹೊಸ ಊರಿಗೆ ಬಂದಿದ್ದರು. ಮಾಯಾಳ ಮನೆಯಲ್ಲಿ ತಲಬಾಗಿಲ ಹೊಸ್ತಿಲು ಮಾತ್ರ ಉಳಿದುಹೋಯಿತು. ಗೋಡೆಯೊಳಗೆ ಹುದುಗಿದ್ದ ತೇಗದ ಹೊಸ್ತಿಲು, ಆಳುದ್ದಕ್ಕಿಂತ ಉದ್ದ. "ನನ್ನ ತಂಗಿ ಗಂಡನ ಮನಿಗಿ ಹೋಗೂವಾಗ ನಮ್ಮ ಹೊಸ್ತಿಲನ ದಾಟಬೇಕು. ದಾಟಿಸಿ ಕಳಸಾಂವ ನಾನ," ಎಂದು ಅಣ್ಣ ಶಿವಪುತ್ರ ಹರಿಗೋಲು ಹತ್ತಿ ಹೋದ.

ಮರುದಿನ ಹೊಸ್ತಿಲು ತೇಲಿ ದಂಡೆಗೆ ಬಂತು. ಶಿವಪುತ್ರ ಬರಲಿಲ್ಲ.

ಅವ್ವ ಲಗಮವ್ವ ಆ ಹೊಸ್ತಿಲನ್ನು ಹೊಸ ಮನೆಗೆ ಕೂಡಿಸಲೂ ಇಲ್ಲ, ಸುಡಲೂ ಇಲ್ಲ. ಕಂಬಳಿಯಲ್ಲಿ ಸುತ್ತಿ ಕುರಿದೊಡ್ಡಿಯ ಮೂಲೆಗಿಟ್ಟಳು. ಮಾಯಾ ಬಂದ ವರಗಳನ್ನೆಲ್ಲ ತಿರುಗಿಸಿ ಕಳಿಸಿದಳು. ಅಣ್ಣ ಯಾವುದಕ್ಕಾಗಿ ಜೀವ ಕೊಟ್ಟನೋ ಅದನ್ನು ದಾಟದೆ ಅವಳು ಇನ್ನೊಂದು ಮನೆಗೆ ಹೇಗೆ ಹೋದಾಳು?

ಆದರೂ ಮರುದಿನ ಕುರಿಗಳು ಅದೇ ದಂಡೆಗೆ ಬಂದವು. ಅದರ ಮರುದಿನವೂ! ಕುರಿಗಳಿಗೆ ಅಲ್ಲಿನ ಹುಲ್ಲೇ ರುಚಿಯಂತೆ. ಮಾಯಾ ಅವ್ವನಿಗೆ ಹಾಗೇ ಹೇಳಿದಳು.

ಗುರುಪಾದನ ರಿಪೇರಿ ನೋಡಿದರೆ ಅಳಬೇಕೋ ನಗಬೇಕೋ ತಿಳಿಯದು. ತೂತುಗಳಿಗೆಲ್ಲ ಫೈಬರ್ ಬಟ್ಟೆ ಅಂಟಿಸಿ, ದೋಣಿಯನ್ನು ನೀರಿಗಿಳಿಸಿದ. ನೀರು ಬಿಡುವ ತಳದ ಬಿರಡೆ ಹಾಕುವುದನ್ನೇ ಮರೆತಿದ್ದ. ಅರ್ಧ ಮುಳುಗಿದ ದೋಣಿಯನ್ನು ಎಳೆಯಲು ಎತ್ತು ತರಿಸಬೇಕಾಯಿತು. ಹಾಯಿಗೆ ತನ್ನ ಮಗ್ಗದಲ್ಲೇ ಬಟ್ಟೆ ನೇಯ್ದು ತಂದ. ಏರಿಸಿದರೆ ಗಾಳಿಯೆಲ್ಲ ಜರಡಿಯಲ್ಲಿ ಹಿಟ್ಟು ಹಾದಂತೆ ಹಾದುಹೋಯಿತು.

"ನಾವು ಕಂಬಳಿಗಿ ಹುಣಸಿ ಬೀಜದ ಸರಿ ಬಳೀತೇವಲ್ರೀ, ಹಂಗ ಬಳೀರಿ. ನೇಯ್ಗಿ ಕಣ್ಣ ಮುಚ್ಚಿ ಬಿಗೀತೈತಿ," ಎಂದಳು ಮಾಯಾ.

ಇಬ್ಬರೂ ಕೂಡಿ ಹಾಯಿಯನ್ನು ದಂಡೆಯ ಮೇಲೆ ಹಾಸಿ ಅಂಟಂಟಾದ ಆ ಸರಿ ಬಳಿದರು. ನಡುವೆ ಕೈಗೆ ಕೈ ತಾಗಿತು. ಇಬ್ಬರೂ ಏನೂ ಆಗಿಲ್ಲವೆಂಬಂತೆ ಬಳಿಯುತ್ತಲೇ ಇದ್ದರು. ಒಂದೇ ಜಾಗಕ್ಕೆ ಮೂರು ಸಲ ಬಳಿದದ್ದು ಇಬ್ಬರಿಗೂ ತಿಳಿಯಲಿಲ್ಲ!

ಚಳಿಗಾಲದ ಕೊನೆಗೆ ಹಿಂದಿನ ಅಡ್ಡತೊಲೆ ಮುರಿಯಿತು. ಒಳಗೆಲ್ಲ ಹುಳ ತಿಂದ ಹಿಟ್ಟು.

ಗುರುಪಾದ ತಲೆಯ ಮೇಲೆ ಕೈ ಹೊತ್ತು ಕೂತ. "ಇಷ್ಟ ಗಟ್ಟಿ ಕಟಿಗಿ ಎಲ್ಲಿ ಸಿಗತೈತ್ರಿ? ಸಾಕು... ಗುಜರಿಗಿ ಹಾಕಿ ಬನಹಟ್ಟಿಗಿ ಹೋಗ್ತೇನಿ."

'ಹೋಗ್ತಾನ...?' ಆ ಮನುಷ್ಯ ಇಲ್ಲದ ದಂಡೆಯನ್ನು ನೆನೆಸಿಕೊಳ್ಳಲಿಕ್ಕೂ ಆಗಲಿಲ್ಲ ಮಾಯಾಳಿಗೆ.

ಮರುದಿನ ಅವ್ವ ಸಂತೆಗೆ ಹೋದಾಗ ಹೊಸ್ತಿಲನ್ನು ತಟ್ಟು ಕುದುರೆಯ ಮೇಲೆ ಹೇರಿಕೊಂಡು ಬಂದಳು.

"ತೇಗ! ಕಲ್ಲಿನಂಗ ಐತಲ್ರೀ!" ಗುರುಪಾದ ಕುಣಿದಾಡಿದ. "ಎಲ್ಲೀದು?"

"ಹಳೆ ಮನೀದು. ನಡುವ ಮೊಳಿ ಹೊಡೀಬ್ಯಾಡ್ರಿ, ತುದಿಗಷ್ಟ ಬಿಗೀರಿ."

"ಯಾಕ್ರೀ?"

"ಹಂಗ..."

ಹೊಸ್ತಿಲಿನ ನಡುವಿಗೆ ಯಾರಾದರೂ ಮೊಳೆ ಹೊಡೆಯುತ್ತಾರೆಯೇ! ಆದರೆ ಅದು ಹೊಸ್ತಿಲು ಎಂದು ಅವಳು ಹೇಳಲಿಲ್ಲ. ಸತ್ತವನ ಹೆಸರಿನದು ಎಂದರೆ ಗುರುಪಾದ ಮುಟ್ಟದೆ ಹೋದರೆ?

ಕೊನೆಯ ಬೋಲ್ಟ್ ಬಿಗಿದು ಅವನು ಕೈ ತೊಳೆಯಲು ಹೋದ. ಹೊತ್ತು ಇಳಿದಿತ್ತು. ಆಗ ಎಡಗಡೆಯ ಖಾಲಿ ಹೊಟ್ಟೆಯೊಳಗಿಂದ ಬಂತು ಆ ಸಪ್ಪಳ.

ಟಕ್... ಟಕ್. ತುಸು ತಡೆದು, ಟಕ್.

ಮಾಯಾಳ ಮೈಮೇಲಿನ ಕೂದಲು ನಿಮಿರಿ ನಿಂತವು. ಹೊಲದಿಂದ ಬಂದ ಶಿವಪುತ್ರ ಬಾಗಿಲು ಬಡಿಯುತ್ತಿದ್ದದ್ದು ಹೀಗೇ!

ಮುಚ್ಚಳ ಎತ್ತಿದಳು. ಒಳಗೆ ಏನೂ ಇಲ್ಲ. ಒಣ ಕತ್ತಲು... ಮತ್ತೆ ವಾಸನೆ. ಆಗಷ್ಟೇ ಸಗಣಿ ಸಾರಿಸಿದ ನೆಲದ ವಾಸನೆ, ಹಸಿ ಕಟ್ಟಿಗೆಯ ಒಲೆಯ ಹೊಗೆ. ಅವಳ ಹಳೆಯ ಮನೆಯ ವಾಸನೆ!

"ಸಪ್ಪಳ ಕೇಳಿಸ್ತೇನ್ರೀ?" ಎಂದು ಗುರುಪಾದನನ್ನು ಕೇಳಿದಳು.

"ಇಲ್ಲಲ್ಲ! ಯಾಕ ಮುಖ ಹಿಂಗ ಬೆಳ್ಳಗಾಗೇತಿ?"

ಅಂದಿನಿಂದ ದಿನಾ ಹೊತ್ತಿಳಿಯುವಾಗ ಅದೇ ಬಡಿತ. ದೋಣಿಯನ್ನು ನೀರಿಗಿಳಿಸಿ ಗೂಟಕ್ಕೆ ಕಟ್ಟಿದ ಮೇಲಂತೂ ಇನ್ನೊಂದು ಶುರುವಾಯಿತು. ಗಾಳಿ ಯಾವ ಕಡೆಗಾದರೂ ಬೀಸಲಿ, ಬೆಳಗ್ಗೆ ನೋಡಿದರೆ ದೋಣಿಯ ಮೂತಿ ಹಳೆಯ ಊರಿನ ಕಡೆಗೇ!

'ಹೊಸ್ತಿಲ ಮನಿ ಹುಡಕಾಕತ್ತೈತಿ... ಅಣ್ಣಾ, ನಾ ಎಂಥಾ ತಪ್ಪ ಮಾಡಿದೆ!'

ಪೂಜೆಯಿಲ್ಲದ ಹೊಸ್ತಿಲು ಮುನಿಯುತ್ತದೆ ಎನ್ನುತ್ತಾರೆ. ಮಾಯಾ ನಸುಕಿನಲ್ಲಿ ಮಿಂದು ಬಂದು ದಂಡೆಯಲ್ಲೇ ನಿಂತು ಕೈಗೆಟುಕುವ ಆ ತೊಲೆಗೆ ಅರಿಷಿಣ, ಕುಂಕುಮ, ಬೀರೇಶ್ವರನ ಭಂಡಾರದ ಪುಡಿ ಹಚ್ಚತೊಡಗಿದಳು.

ಒಂದು ಮುಂಜಾನೆ ಬೆನ್ನ ಹಿಂದೆ ದನಿ ಕೇಳಿತು.

"ನೀವ...? ನೀವ ಏನ್ರೀ ಇದನ್ನ ಮಾಡಾಕತ್ತಿದ್ದು?"

ಗುರುಪಾದ ನಿಂತಿದ್ದ. ಅವನಿಗೆ ಕಂಡದ್ದು ಒದ್ದೆ ಕೂದಲು ಬಿಟ್ಟುಕೊಂಡು, ದೋಣಿಗೆ ಅರಿಷಿಣ ಕುಂಕುಮ ಬಳಿದು ಏನೋ ಪಿಸುಗುಡುವ ಹೆಣ್ಣು.

"ದೋಣಿ ಹೇಳಿದ ಕಡೆ ತಿರುಗವಲ್ದು. ಯಾರೋ ಮಾಟ ಮಾಡ್ಸ್ಯಾರ ಅಂತ ಚಾದ ಅಂಗಡ್ಯಾಗ ಅಂದ್ರು. ನಾ ನಕ್ಕಿದ್ದೆ! ನಾ ಹೋಗಬಾರದಂತ ನೀವು..."

"ಮಾಟಾನ? ನಾನ?"

"ಹಂಗಾರ ಇದು ಏನಂತ ಹೇಳ್ರಿ!"

ಹೇಳಬಹುದಿತ್ತು. ಒಂದೇ ಮಾತು ಸಾಕಿತ್ತು. ಆದರೆ 'ಮಾಟ' ಎಂಬ ಶಬ್ದ ಎದೆಗೆ ಚುಚ್ಚಿಕೊಂಡು ಕೂತಿತ್ತಲ್ಲ! ಕಣ್ಣೀರು ನುಂಗಿಕೊಂಡು ಮನೆಯ ಕಡೆ ಓಡಿದಳು. ಗುರುಪಾದ ಸಿಟ್ಟಿನಲ್ಲಿ ಹಗ್ಗ ಬಿಚ್ಚಿ, ಹಾಯಿ ಏರಿಸಿ, ಒಬ್ಬನೇ ಹೊರಟ.

ದೊಡ್ಡಿಯಲ್ಲಿ ಲಗಮವ್ವ ಬರಿದಾದ ಕಂಬಳಿ ಹಿಡಿದು ನಿಂತಿದ್ದಳು.

"ಹೊಸ್ತಿಲ ಎಲ್ಲಿ, ಮಾಯಾ?"

ಮಾಯಾ ಅವ್ವನ ಕಾಲ ಬಳಿ ಕುಸಿದು ಎಲ್ಲವನ್ನೂ ಹೇಳಿದಳು. ಲಗಮವ್ವ ಬೈಯಲಿಲ್ಲ. ನೀರಿನ ಕಡೆ ನೋಡಿದಳು. ದೂರದಲ್ಲಿ ಬಿಳಿ ಹಾಯಿ ಗಾಳಿಗೆ ಎದುರಾಗಿ ಸಾಗುತ್ತಿತ್ತು. ಹಳೆಯ ಊರು ಇದ್ದ ಜಾಗಕ್ಕೆ ಹೋಗಿ ತಟ್ಟನೆ ನಿಂತಿತು. ಗೂಟಕ್ಕೆ ಕಟ್ಟಿದ ಹಾಗೆ, ಅಲುಗಾಡದೆ.

ಮಗಳನ್ನು ಇಷ್ಟು ವರ್ಷ ನೀರಿಗೆ ಕಾಲಿಡಲು ಬಿಡದವಳು ಮೆಲ್ಲಗೆ ಹೇಳಿದಳು:

"ಹೋಗು. ಒಬ್ಬನ್ನ ಕೊಟ್ಟೇನಿ. ಇನ್ನೊಬ್ಬನ್ನ ಕೊಡಾಕ ನನ್ನ ಕಡೆ ಆಗಂಗಿಲ್ಲ. ಕರಕೊಂಡ ಬಾ."

ಮೀನುಗಾರ ಕರೆಪ್ಪನ ಹರಿಗೋಲು ಹತ್ತಿದ ಮಾಯಾ ಅದರ ಅಂಚನ್ನು ಎರಡೂ ಕೈಯಿಂದ ಬಿಗಿಹಿಡಿದು ಕೂತಳು. ಆ ಜಾಗದಲ್ಲಿ ತಾನೆಂದೂ ಬಲೆ ಬೀಸಿದವನಲ್ಲ ಎಂದು ಕರೆಪ್ಪ ದಾರಿಯುದ್ದಕ್ಕೂ ಗೊಣಗಿದ. ಅವಳನ್ನು ದೋಣಿಯ ಎಡಗಡೆ, ಹೊಸ್ತಿಲಿನ ತೊಲೆಯ ಹಿಂಬದಿಗೆ ಹತ್ತಿಸಿದವನೇ ಹಿಂದೆ ನೋಡದೆ ಹುಟ್ಟು ಹಾಕಿದ.

ಗಾಳಿ ಸತ್ತುಹೋಗಿತ್ತು. ಬಿಸಿಲಿದ್ದರೂ ಚಳಿ! ಹಕ್ಕಿಯ ದನಿಯೂ ಇಲ್ಲ. ಗುರುಪಾದ ಬಲಗಡೆಯ ಹೊಟ್ಟೆಯ ಮೇಲೆ, ಆ ತೊಲೆಯ ಮುಂಬದಿಗೆ ಕೂತಿದ್ದ. ಮುಖದಲ್ಲಿ ರಕ್ತವಿರಲಿಲ್ಲ.

"ಆ ಕಡೆ ಹೊಟ್ಟಿ ಬಡ್ಯಾಕತ್ತೈತ್ರಿ..." ಎಂದ. "ನನಗ ಕೇಳಸವಲ್ದು. ಆದ್ರ ಕಾಲಿಗಿ ಹತ್ತಾಕತ್ತೈತಿ. ಎರಡು... ತಡದು ಒಂದು."

ಮಾಯಾ ಬಗ್ಗಿ ನೋಡಿದಳು. ಬೇಸಿಗೆ ಹತ್ತಿರವಾಗಿ ನೀರು ಇಳಿದಿತ್ತು. ಹಸಿರು ನೀರಿನೊಳಗೆ ಒಣಗಿದ ಬೇವಿನ ಟೊಂಗೆಗಳು ಚುಕ್ಕಾಣಿಯನ್ನು ಹಿಡಿದಿದ್ದವು. ಶಿವಪುತ್ರ ಅವಳಿಗೆ ಜೋಕಾಲಿ ಕಟ್ಟಿದ್ದ ಆ ಸೊಟ್ಟ ಟೊಂಗೆ! ಅವರ ಮನೆಯ ಮುಂದಿನ ಬೇವಿನ ಮರ.

"ನಮ್ಮ ಬಾಗಲಾಗ ನಿಂತೇವಿ..." ಅವಳು ಹೊಸ್ತಿಲಿನ ಕಡೆ ಕೈ ತೋರಿಸಿದಳು. "ಅದು ತೊಲಿ ಅಲ್ರೀ, ನಮ್ಮ ಹೊಸ್ತಿಲು. ಅದನ್ನ ತರಾಕ ಹೋದ ನಮ್ಮಣ್ಣ ಶಿವಪುತ್ರ ಇಲ್ಲೇ ಉಳದಾನ. ನನ್ನನ್ನ ಅದನ್ನ ದಾಟಿಸಿ ಕಳಸ್ತೇನಿ ಅಂದಿದ್ದ. ನೀವು ಬಿಟ್ಟ ಹೋಗ್ತೀರಿ ಅಂತ ಅಂಜಿ ಹೊಸ್ತಿಲ ಕೊಟ್ಟೆ. ನಿಮಗೇನೂ ಆಗಬಾರದಂತ ಅರಿಷಿಣ ಹಚ್ಚಿದೆ. ಮಾಟ ಅಲ್ರೀ... ನನ್ನ ಜೀವ ನಿಮ್ಮ ಮ್ಯಾಲ ಐತಿ. ಅಷ್ಟ!"

ಗುರುಪಾದನ ಕಣ್ಣು ತುಂಬಿದವು.

"ನನ್ನ ಬಾಯಿಗಿ ಹುಳ ಬೀಳಲಿ. ನಿಮಗ ಎಂಥಾ ಮಾತ ಅಂದೆ..."

ಅವನು ಎದ್ದು ನಿಂತು, ನೀರಿನ ಕಡೆ ತಿರುಗಿ ಕೈ ಮುಗಿದ. ಎದುರಿಗೆ ಹಿರಿಯರು ಕೂತಿದ್ದಾರೆ ಎನ್ನುವಂತೆ ತಲೆ ಬಾಗಿಸಿ ಮಾತಾಡಿದ.

"ಅಣ್ಣಾರ, ನಾನು ಬನಹಟ್ಟಿ ಗುರುಪಾದ. ಒಂದ ಕಿವಿ ಕೇಳಸಂಗಿಲ್ಲ, ದೋಣಿ ನಡಸಾಕೂ ಬರಂಗಿಲ್ಲ. ಆದ್ರ ನಿಮ್ಮ ತಂಗೀನ ಕಣ್ಣಾಗ ಇಟ್ಟ ನೋಡಕೋತೇನಿ. ಕಳಸ್ತೀರೇನ್ರೀ?"

ನೀರು ನಿಶ್ಶಬ್ದ.

ಟಕ್... ಟಕ್.

ತುಸು ತಡೆದು, ಟಕ್.

ಮಾಯಾ ಬಗ್ಗಿ ಹೊಸ್ತಿಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಬಿಸಿಲಿದ್ದೂ ತಣ್ಣಗಿದ್ದ ಆ ಕಟ್ಟಿಗೆಯೊಳಗೆ ಯಾರದೋ ಅಂಗೈಯ ಬಿಸಿ ಇತ್ತು.

"ಅಣ್ಣಾ... ನಾ ಹೋಗಿ ಬರ್ತೇನಿ," ಎಂದಳು.

ಗುರುಪಾದ ಕೈ ಚಾಚಿದ. "ಬಲಗಾಲಿಟ್ಟ ಬಾ, ಮಾಯಾ."

ಹೊಸ್ತಿಲನ್ನು ತುಳಿಯದೆ, ಬಲಗಾಲು ಮುಂದಿಟ್ಟು, ಅವಳು ಅದನ್ನು ದಾಟಿ ಅವನ ಕಡೆಗೆ ಬಂದಳು.

ಕೆಳಗೆಲ್ಲೋ ಟೊಂಗೆ ಲಟಕ್ಕೆಂದು ಮುರಿಯಿತು. ದೋಣಿ ಒಮ್ಮೆ ಮೈಕೊಡವಿ ಬಿಡುಗಡೆಯಾಯಿತು. ಹುಣಸೆ ಸರಿ ಕುಡಿದ ಹಾಯಿ ಗಾಳಿ ತುಂಬಿಕೊಂಡು ಉಬ್ಬಿತು. ದೋಣಿಯ ಮೂತಿ ತಾನಾಗಿ ದಂಡೆಯ ಕಡೆ ತಿರುಗಿತು. ಅಲ್ಲಿ ಕಂಬಳಿ ಹೊದ್ದುಕೊಂಡು ಲಗಮವ್ವ ಕಾಯುತ್ತಿದ್ದಳು.

ಸ್ವಲ್ಪ ದೂರ ಹೋದ ಮೇಲೆ ಗುರುಪಾದ ಕೇಳಿದ, "ಎಡಗಡೆ ಸಪ್ಪಳ ಇನ್ನೂ ಐತೇನು?"

ಮಾಯಾ ಕಿವಿಗೊಟ್ಟಳು. ಕಣ್ಣೊರೆಸಿಕೊಂಡಳು.

"ಇಲ್ಲ. ಹೋತು..." ಎಂದು ಸಣ್ಣಗೆ ನಕ್ಕಳು. "ಸಪ್ಪಳಿಲ್ಲದ ಗಾಡಿ ಬೇಕಂದಿದ್ರಲ್ಲ, ಸಿಕ್ಕತು ನೋಡ್ರಿ."

"ಈಗ ಅದು ಬ್ಯಾಡ," ಎಂದು ಗುರುಪಾದ ತುಸು ಸರಿದು ಜಾಗ ಮಾಡಿದ. "ನನ್ನ ಬಲಗಿವಿ ಕಡೆ ಕುಂದರು... ಮಾತಾಡಕೋತ ಇರು."