ಅಪ್ಪನ ದನಿಗೆ ಬಿದ್ದ ಬೀಗ

"ಸ್ವಲ್ಪ ಕಾಲು ತೆಗೀರಿ."

ಗುರುತು ಪರಿಚಯವಿಲ್ಲದವನೊಬ್ಬ ಬಂದು ಮೇಜಿನ ಕೆಳಗೆ ತಲೆ ತೂರಿಸಿದಾಗ ಅವಳು ಹೌಹಾರಿದಳು. ಕಣ್ಣು ಮಿಟುಕಿಸುವಷ್ಟರಲ್ಲಿ ಅವನೊಂದು ಕೇಬಲ್ ಕಿತ್ತು ಹಿಡಿದು ಎದ್ದು ನಿಂತಿದ್ದ.

"ಏನ್ರೀ ಇದು, ಹೇಳದೆ ಕೇಳದೆ..."

"ಇದರ ಎರಡೂ ತುದಿ ಗೋಡೆಗೆ ಸಿಕ್ಕಿಸಿದ ಪುಣ್ಯಾತ್ಮರು ಯಾರು? ಕಳಿಸಿದ್ದೇ ಮತ್ತೆ ಮತ್ತೆ ಸುತ್ತು ಹೊಡೆದು ಇಡೀ ಆಫೀಸಿನ ನೆಟ್‌ವರ್ಕ್ ಬಿದ್ದಿದೆ."

ಪುಣ್ಯಾತ್ಮಳು ಅವಳೇ. ನೇತಾಡುತ್ತಿದ್ದ ಕೇಬಲ್ ನೋಡಲಾಗದೆ ಬೆಳಿಗ್ಗೆ ಖಾಲಿ ಕಿಂಡಿಗೆ ಸಿಕ್ಕಿಸಿದ್ದಳು. ಪ್ರೋಗ್ರಾಮರ್ ಆಗಿ ಇಂಥ ಕೆಲಸ... ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಅವನು ಯಾರಿಗೂ ಹೇಳಲಿಲ್ಲ. ಹಾಗಾಗಿ ಅವಳಿಗೆ ಅವನು ಹಿಡಿಸಿದ.

ನೆಟ್‌ವರ್ಕ್ ನೋಡಿಕೊಳ್ಳುತ್ತಿದ್ದ ಅವನನ್ನು ಆಫೀಸಿನವರೆಲ್ಲ ವೈರಣ್ಣ ಎನ್ನುತ್ತಿದ್ದರು. ಅವಳೊಬ್ಬಳು ಹಾಗೆ ಕರೆಯಲಿಲ್ಲ. ಆ ಹೆಸರಿನ ಕೊನೆಯಲ್ಲಿದ್ದ ಅಣ್ಣ ಅವಳಿಗೆ ಸರಿಬರಲಿಲ್ಲ.

ಊಟದ ಹೊತ್ತಿಗೆ ಅವಳ ಪ್ರಶ್ನೆಗಳು ಶುರುವಾಗುತ್ತಿದ್ದವು. "ಎನ್‌ಕ್ರಿಪ್ಟ್ ಮಾಡಿ ಬೀಗ ಹಾಕಿದ ಡಿಸ್ಕ್ ಕಳ್ಳನ ಕೈಗೆ ಸಿಕ್ಕರೆ?"

"ಪಾಸ್‌ವರ್ಡ್ ಇಲ್ಲದಿದ್ದರೆ ಅವನಿಗೆ ಅದು ಬರೀ ಕಸ."

"ನಿಮ್ಮ ಕೈಗೆ ಸಿಕ್ಕರೆ?"

"ನನಗೂ ಕಸವೇ."

ಈ ಭಯಕ್ಕೆ ಕಾರಣವಿತ್ತು. ಗಂಟಲಿನ ಆಪರೇಷನ್ನಿನಲ್ಲಿ ಅಪ್ಪನ ದನಿ ಹೋಗಿತ್ತು. ಅದಕ್ಕೆ ಮುಂಚೆ ಅವಳು ಹಟ ಹಿಡಿದು ಅಪ್ಪನ ಮಾತುಗಳನ್ನು ರೆಕಾರ್ಡ್ ಮಾಡಿ ಒಂದು ಡಿಸ್ಕಿನಲ್ಲಿಟ್ಟು ಬೀಗ ಹಾಕಿದ್ದಳು. ಆ ದನಿಯಲ್ಲೇ ಕಂಪ್ಯೂಟರ್ ಅಪ್ಪನ ಪರವಾಗಿ ಮಾತಾಡಬೇಕು, ಅದು ಅವಳ ಕನಸು. ಬೇರೆ ನಕಲು ಇಟ್ಟಿರಲಿಲ್ಲ. ನಕಲು ಹೆಚ್ಚಾದಷ್ಟೂ ಕದಿಯುವುದು ಸುಲಭ ಎಂಬುದು ಅವಳ ವಾದ!

ಮನೆಯ ನೆಟ್‌ವರ್ಕ್ ಪದೇ ಪದೇ ಕೈಕೊಟ್ಟು, ಅಪ್ಪನ ಕೋಣೆಯ ಕಂಪ್ಯೂಟರಿಗೆ ಡಿಸ್ಕ್ ಸಿಗದಾದಾಗ ಅವನನ್ನೇ ಕರೆಸಿದಳು. ಅವನು ಕೇಬಲ್ ಬದಲಿಸಿದ, ಸೆಟ್ಟಿಂಗ್ ತಡಕಾಡಿದ, ಕೊನೆಗೆ ಅಡುಗೆಮನೆಗೆ ಹೋಗಿ ನಕ್ಕ. ಮೈಕ್ರೋವೇವ್ ಮೇಲೆ ರೌಟರ್ ಕೂತಿತ್ತು; ಒಲೆ ಚಾಲೂ ಆದಾಗಲೆಲ್ಲ ವೈಫೈ ಕೆಡುತ್ತಿತ್ತು.

ಅಪ್ಪ ಸ್ಲೇಟಿನಲ್ಲಿ ಬರೆದರು: 'ಹುಡುಗ ಪರವಾಗಿಲ್ಲ.' ಅವಳು ನಾಚಿ ಸ್ಲೇಟು ಒರೆಸಿದಳು.

ಒರೆಸಿ ತಿರುಗಿದರೆ... ಅವನ ಲ್ಯಾಪ್‌ಟಾಪ್ ಪರದೆಯ ಮೇಲೆ ಅವಳ ಡಿಸ್ಕಿನ ಹೆಸರಿನಲ್ಲೊಂದು ಫೈಲ್.

"ಏನಿದು?"

"ಡಿಸ್ಕಿನ ಹೆಡರ್. ಬೀಗ ಇರೋದು ಆ ಚಿಕ್ಕ ತುಂಡಲ್ಲೇ. ಅದು ಕೆಟ್ಟರೆ ಸರಿಯಾದ ಪಾಸ್‌ವರ್ಡ್ ಹಾಕಿದರೂ ತೆರೆಯಲ್ಲ. ಯಾರ ಡಿಸ್ಕ್ ಮುಟ್ಟೋ ಮುಂಚೆಯೂ ಅದರ ನಕಲು ತೆಗೆಯೋದು ನನ್ನ ಅಭ್ಯಾಸ..."

"ನನ್ನನ್ನು ಕೇಳದೆ?"

"ತಪ್ಪಾಯ್ತು. ಕೇಳಬೇಕಿತ್ತು. ಆದ್ರೆ ಪಾಸ್‌ವರ್ಡ್ ಇಲ್ಲದೆ ಇದು ನನಗೆ..."

"ಅಳಿಸಿ. ಇನ್ನು ಈ ಕಡೆ ಬರಬೇಡಿ."

ಅವನ ಮುಖ ಬಿಳಿಚಿಕೊಂಡಿತು. ತಲೆಯಾಡಿಸಿ ಅಪ್ಪನ ಕೋಣೆಗೆ ಹೋಗಿ, ಹೇಳಿ ಹೊರಟ. ನಂಬಿದವನೇ ಹೀಗೆ ಮಾಡಿದನಲ್ಲ ಎಂದು ಅವಳು ಅತ್ತಳು. ಅವನ ದಾರಿ ನೋಡುತ್ತಲೇ ಅತ್ತಳು ಅನ್ನುವುದು ಬೇರೆ ವಿಷಯ.

ಮನಸ್ಸು ಎಲ್ಲೋ, ಕೈ ಎಲ್ಲೋ ಇದ್ದ ಒಂದು ಮಧ್ಯಾಹ್ನ ಆ ಅನಾಹುತ ಆಯಿತು. ಹಳೆಯ ಪೆನ್‌ಡ್ರೈವ್ ಅಳಿಸಲು ಹೊರಟವಳು ಅದರ ಬದಲು ಅಪ್ಪನ ಡಿಸ್ಕಿನ ಹೆಸರು ಟೈಪ್ ಮಾಡಿದಳು. ಗೊತ್ತಾದ ತಕ್ಷಣ ನಿಲ್ಲಿಸಿದಳು. ಆದರೆ ಅಳಿಯುವುದು ಮೊದಲ ತುದಿಯಿಂದ, ಬೀಗವಿದ್ದದ್ದೂ ಅಲ್ಲೇ.

ಪಾಸ್‌ವರ್ಡ್ ಹಾಕಿದಳು. ತೆರೆಯಲಿಲ್ಲ. ಮತ್ತೆ ಹಾಕಿದಳು...

ಅಪ್ಪನ ದನಿಯನ್ನು ನಾನೇ ಕೊಂದೆ.

ಮಾನ ಮರ್ಯಾದೆ ಬದಿಗಿಟ್ಟು ಅವನಿಗೆ ಫೋನ್ ಮಾಡಿದಳು.

"ಆ ಹೆಡರ್... ನಿಮ್ಮ ಹತ್ತಿರ ಇದೆಯಾ?"

"ಇಲ್ಲ. ನೀವು ಹೇಳಿದ ದಿನವೇ ಅಳಿಸಿದೆ."

ಆ ಕಡೆಯಿಂದ ಅವನು ತಡವರಿಸಿದ. "ಅಳಿಸೋ ಮುಂಚೆ ಒಂದು ಪ್ರತಿ ನಿಮ್ಮ ಅಪ್ಪನ ಕೈಗೆ ಕೊಟ್ಟಿದ್ದೆ. ಅವರ ದನಿ, ಅವರ ಹತ್ತಿರ ಇದ್ದರೆ ಕಳ್ಳತನ ಅಲ್ಲ ಅಂದ್ಕೊಂಡೆ. ನಿಮ್ಮ ಕೈಗೆ ಕೊಟ್ಟರೆ ಎಸೆದುಬಿಡ್ತೀರಿ ಅಂತ ಭಯ ಇತ್ತು."

ಅವಳು ಅಪ್ಪನ ಬಳಿ ಓಡಿ ನಡೆದದ್ದೆಲ್ಲ ಹೇಳಿದಳು. ಅಪ್ಪ ದಿಂಬಿನ ಕವರಿನೊಳಗಿಂದ ಪೆನ್‌ಡ್ರೈವ್ ತೆಗೆದು ಮುಷ್ಟಿಯಲ್ಲಿ ಬಿಗಿಹಿಡಿದರು. ಇನ್ನೊಂದು ಕೈಯಲ್ಲಿ ಬರೆದರು: 'ಮೊದಲು ಅವನನ್ನು ಕರಿ. ಕ್ಷಮೆ ಕೇಳು.'

"ಅಪ್ಪಾ, ಇದು ನಿಮ್ಮ ದನಿ..."

ಅಪ್ಪ ಸ್ಲೇಟಿನ ಸಾಲನ್ನೇ ಬೆರಳಿಂದ ಕುಟ್ಟಿ ತೋರಿಸಿದರು. ತನ್ನ ದನಿಯನ್ನೇ ಒತ್ತೆ ಇಟ್ಟ ಮನುಷ್ಯನ ಹತ್ತಿರ ಏನು ವಾದ ಮಾಡುವುದು?

ಅವನು ಬಂದ. ಹೊಸ್ತಿಲಲ್ಲೇ ನಿಂತ.

"ಬರಬೇಡಿ ಅಂದಿದ್ದೆ. ಅವತ್ತಿಂದ ನನಗೆ ಒಂದು ಕೆಲಸವೂ ನೆಟ್ಟಗೆ ಆಗಿಲ್ಲ. ಕ್ಷಮಿಸಿ... ನೀವು ಇಲ್ಲದೆ ಇರೋಕೆ ನನಗೆ ಆಗಲ್ಲ." ಅಪ್ಪನ ಎದುರೇ ಹೇಳಿಬಿಟ್ಟಳು.

ಅಪ್ಪನ ಮುಷ್ಟಿ ಬಿಚ್ಚಿತು.

ಅವನು ಪೆನ್‌ಡ್ರೈವಿನಿಂದ ಹೆಡರನ್ನು ಡಿಸ್ಕಿಗೆ ಮರಳಿಸಿ, ಕೀಬೋರ್ಡನ್ನು ಅವಳ ಕಡೆ ತಳ್ಳಿ ಮುಖ ಬೇರೆ ಕಡೆ ತಿರುಗಿಸಿಕೊಂಡ. ಅವಳು ಪಾಸ್‌ವರ್ಡ್ ಟೈಪ್ ಮಾಡಿದಳು. ಡಿಸ್ಕ್ ತೆರೆಯಿತು.

"ಮಗಳೇ, ಇನ್ನೂ ಎಷ್ಟು ಹೊತ್ತು ಮಾತಾಡ್ಲಿ? ಹಸಿವಾಗ್ತಿದೆ ಕಣೇ..." ಕೋಣೆಯ ತುಂಬ ಅಪ್ಪನ ದನಿ. ಅಪ್ಪ ಬಾಯಿಗೆ ಕೈ ಅಡ್ಡ ಹಿಡಿದು ಅಳುತ್ತಿದ್ದರು.

ಅವಳು ಅವನ ತೋಳು ಹಿಡಿದಳು. "ಪಾಸ್‌ವರ್ಡ್ ನಿಮಗೂ ಹೇಳ್ತೀನಿ. ಕಿವಿ ಕೊಡಿ."

"ಬೇಡ. ಅದು ನಿಮ್ಮ ಹತ್ತಿರವೇ ಇರಲಿ."

"ಮತ್ತೆ ನಿಮಗೇನು ಬೇಕು?"

"ನಾಳೆಯೂ ಬರಬಹುದಾ?"

"ಇವತ್ತು ಹೋಗಲೇಬೇಕಾ?" ಎಂದಳು ಅವಳು.